ಮೂರು ಘಟಕಗಳ ಮೆಶ್ ಹಾಕಿದರೂ ಮೇಲಿನ ಕೋಣೆಗೆ ವೇಗ ಬರುತ್ತಿಲ್ಲ: ನಾಲ್ಕನೆಯದನ್ನು ಕೊಳ್ಳಬೇಕೇ?

ಮಹಡಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ; ಇಟ್ಟಿಗೆಯ ಗೋಡೆಗಳು, ಅಂತಸ್ತುಗಳ ನಡುವೆ ಕಾಂಕ್ರೀಟ್ ಚಾವಣಿ. ಫೈಬರ್ ಸಂಪರ್ಕವು ಕೆಳಗಿನ ಹಜಾರದ ಮುಂಭಾಗದ ಮೂಲೆಗೆ ಬಂದು ನಿಂತಿದೆ. ನಾನು ಕುಳಿತು ಕೆಲಸ ಮಾಡುವ ಕೋಣೆ ಇರುವುದು ಮೇಲಂತಸ್ತಿನ ಹಿಂಭಾಗದ ಮೂಲೆಯಲ್ಲಿ. ಮನೆಯೊಳಗೆ ಇವೆರಡಕ್ಕಿಂತ ದೂರದೂರವಿರುವ ಜಾಗಗಳನ್ನು ಹುಡುಕಿದರೂ ಸಿಗಲಾರವು.

ಒಂದೇ ರೂಟರ್ ಇದ್ದಾಗ ಆ ಕೋಣೆಯಲ್ಲಿ ವೈ-ಫೈ ಹೆಸರು ಕೂಡ ಕಾಣುತ್ತಿರಲಿಲ್ಲ. ಆದ್ದರಿಂದ ವೈ-ಫೈ 6ರ, ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳ), ಮೂರು ಘಟಕಗಳ ಒಂದು ಮೆಶ್ ಸೆಟ್, ಎಂದರೆ ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈ-ಫೈ ಜಾಲವಾಗುವ ಸೆಟ್, ತಂದೆ. ಮುಖ್ಯ ಘಟಕವನ್ನು ಹಜಾರದಲ್ಲಿ ಫೈಬರ್ ಪೆಟ್ಟಿಗೆಯ ಪಕ್ಕದಲ್ಲಿ, ಎರಡನೆಯದನ್ನು ಮೇಲಂತಸ್ತಿನ ಮಲಗುವ ಕೋಣೆಯಲ್ಲಿ, ಮೂರನೆಯದನ್ನು ಕೆಲಸದ ಕೋಣೆಯ ಮೇಜಿನ ಮೇಲೆಯೇ ಇಟ್ಟಿದ್ದೇನೆ. ಈಗ ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳೆಲ್ಲವೂ ತುಂಬಿರುತ್ತವೆ. ಆದರೆ ಹಜಾರದಲ್ಲಿ ಸೆಕೆಂಡಿಗೆ 190 ಮೆಗಾಬಿಟ್ ಬರುವ ಸಂಪರ್ಕ (ಯೋಜನೆ 200ರದು) ಕೆಲಸದ ಕೋಣೆಯಲ್ಲಿ 15 ದಾಟುವುದಿಲ್ಲ, ವಿಡಿಯೊ ಕರೆಯಲ್ಲಿ ಎದುರಿನವರ ಮುಖ ಹತ್ತು ನಿಮಿಷಕ್ಕೊಮ್ಮೆಯಾದರೂ ಕಲ್ಲಾಗುತ್ತದೆ. ನಡುವೆ ಇನ್ನೊಂದು ಘಟಕವನ್ನು ಸೇರಿಸಿದರೆ ಸರಿಹೋದೀತೇ ಎಂಬುದು ನನ್ನ ಪ್ರಶ್ನೆ.

ಅಳತೆಗೋಲು

ಮಹಡಿಮನೆಯವರೇ, ದಯವಿಟ್ಟು ಈಗಲೇ ನಾಲ್ಕನೆಯದನ್ನು ಕೊಳ್ಳಬೇಡಿ. ತಮ್ಮ ವಿವರಣೆಯಲ್ಲಿಯೇ ಅರ್ಧ ಉತ್ತರವಿದೆ. ಮೊಬೈಲಿನ ಗೆರೆಗಳು ಹೇಳುವುದು ಮೊಬೈಲಿಗೂ ಮೇಜಿನ ಮೇಲಿರುವ ಘಟಕಕ್ಕೂ ನಡುವಿನ ಸಂಬಂಧವನ್ನು ಮಾತ್ರ. ಒಂದು ಅಡಿ ದೂರದಲ್ಲಿರುವ ಘಟಕದಿಂದ ಸಿಗ್ನಲ್ ಚೆನ್ನಾಗಿ ಬರದೆ ಇನ್ನೇನಾದೀತು? ಆ ಘಟಕವು ತನ್ನ ಹಿಂದಿನ ಘಟಕದೊಡನೆ, ಅದು ಮುಖ್ಯ ಘಟಕದೊಡನೆ ಹೇಗೆ ಮಾತಾಡುತ್ತಿದೆ ಎಂಬುದನ್ನು ಆ ಗೆರೆಗಳು ಹೇಳುವುದೇ ಇಲ್ಲ. ಬ್ಯಾಕ್‌ಹಾಲ್ ಎಂದು ಕರೆಯುವ ಆ ಕೊಂಡಿ ಸಡಿಲವಾಗಿದ್ದರೆ ಎಷ್ಟು ಘಟಕಗಳಿದ್ದರೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಅಳೆಯಿರಿ. ಬಹಳಷ್ಟು ಮೆಶ್ ಆ್ಯಪ್‌ಗಳಲ್ಲಿ ಪ್ರತಿ ಘಟಕದ ವಿವರದ ಪುಟದಲ್ಲಿ ಕೊಂಡಿಯ ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಕೊಡುತ್ತಾರೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ರೂಟರಿನ ಪಕ್ಕದಲ್ಲಿ ನಿಂತರೆ -30ರ ಆಸುಪಾಸು, -50 ಬಹಳ ಚೆನ್ನ, -67ರವರೆಗೆ ವಿಡಿಯೊ ಕರೆಗೆ ತೊಂದರೆಯಿಲ್ಲ, -70 ದಾಟಿದರೆ ಎಳೆದಾಟ, -80 ಎಂದರೆ ಹೆಸರಿಗೆ ಮಾತ್ರ ಸಂಪರ್ಕ. ಈ ಲೆಕ್ಕ ನೇರವಾದದ್ದಲ್ಲ ಎಂಬುದನ್ನು ನೆನಪಿಡಬೇಕು: 3 ಡಿಬಿ ಕಡಿಮೆಯಾದರೆ ಶಕ್ತಿ ಅರ್ಧವಾಗುತ್ತದೆ, 10 ಡಿಬಿ ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲಾಗುತ್ತದೆ.

ಆ್ಯಪ್‌ನಲ್ಲಿ ಸಂಖ್ಯೆ ಸಿಗದಿದ್ದರೆ ಎರಡನೆಯ ಮತ್ತು ಮೂರನೆಯ ಘಟಕಗಳನ್ನು ಆಫ್ ಮಾಡಿ, ಅವು ಇದ್ದ ಜಾಗದಲ್ಲಿಯೇ ಮೊಬೈಲನ್ನು ಹಿಡಿದು ಮುಖ್ಯ ಘಟಕದ 5 ಗಿಗಾಹರ್ಟ್ಸ್ ಸಿಗ್ನಲನ್ನು ಓದಿ. ಆಂಡ್ರಾಯ್ಡ್‌ಗೆ ಇಂಥ ಉಚಿತ ಆ್ಯಪ್‌ಗಳು ಹಲವಿವೆ. ಐಫೋನಿನಲ್ಲಿ ಆಪಲ್‌ನದೇ ಆದ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಹಾಕಿಕೊಂಡು, ಅದರ ವೈ-ಫೈ ಸ್ಕ್ಯಾನರನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಬೇಕು.

ಸರಳಜೀವಿ

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಮಾಡಿ. ಕೆಲಸದ ಕೋಣೆಯ ಲ್ಯಾಪ್‌ಟಾಪಿನಿಂದ ಹೊರಗಿನ ಜಾಲತಾಣಕ್ಕಲ್ಲ, ಮುಖ್ಯ ಘಟಕದ ವಿಳಾಸಕ್ಕೇ ಎರಡು ನಿಮಿಷ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪುಟ್ಟ ಸಂದೇಶ) ಕಳಿಸುತ್ತಿರಿ. ಉತ್ತರ 5 ಮಿಲಿಸೆಕೆಂಡಿನ ಒಳಗೆ ಬರುತ್ತಿದ್ದು, ಆಗಾಗ 200-300ಕ್ಕೆ ಜಿಗಿಯುತ್ತಿದ್ದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲಿದೆ. ಅಲ್ಲಿ ಎಲ್ಲವೂ ಸರಿಯಿದ್ದು ಹೊರಗಿನ ಪಿಂಗ್ ಮಾತ್ರ ಏರುಪೇರಾಗುತ್ತಿದ್ದರೆ ಮೆಶ್ಶನ್ನು ದೂರಿ ಫಲವಿಲ್ಲ.

ಮಹಡಿಮನೆ

ಇಬ್ಬರಿಗೂ ಧನ್ಯವಾದಗಳು. ಮುಖ್ಯ ಘಟಕದಿಂದ ಎರಡನೆಯದಕ್ಕೆ -74, ಎರಡನೆಯದರಿಂದ ಮೂರನೆಯದಕ್ಕೆ -79. ಪಿಂಗ್ 8ರಿಂದ 340ರವರೆಗೆ ಕುಣಿಯುತ್ತಿದೆ. ತಮಾಷೆಯೆಂದರೆ ಆ್ಯಪ್‌ನ ಮೊದಲ ಪುಟದಲ್ಲಿ ಎರಡೂ ಘಟಕಗಳ ಮುಂದೆ ಹಸಿರು ಚುಕ್ಕೆಯಿಟ್ಟು ‘ಸಂಪರ್ಕ ಉತ್ತಮ’ ಎಂದು ಬರೆದಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ ಇರಬೇಕು.

ಎರಡನೆಯ ಘಟಕವನ್ನು ಇಟ್ಟ ಜಾಗವನ್ನೂ ಹೇಳಿಬಿಡುತ್ತೇನೆ, ಬಯ್ಯಬೇಡಿ. ಕಣ್ಣಿಗೆ ಬೀಳದಿರಲೆಂದು ಅದನ್ನು ಮಲಗುವ ಕೋಣೆಯಲ್ಲಿ ಉಕ್ಕಿನ ಬೀರುವಿನ ಹಿಂದಿನ ಸಂದಿಯಲ್ಲಿ ಇಟ್ಟಿದ್ದೇನೆ. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿದೆ.

ಅಳತೆಗೋಲು

ಬಯ್ಯುವುದಿಲ್ಲ, ಆದರೆ ಬೀರುವನ್ನು ಅಡ್ಡ ಇಡುವುದು ಘಟಕವನ್ನು ಪಾತ್ರೆಯೊಳಗೆ ಮುಚ್ಚಿಟ್ಟಷ್ಟೇ ಸರಿ. ರೇಡಿಯೊ ತರಂಗಕ್ಕೆ ಲೋಹವು ಗೋಡೆಯಲ್ಲ, ಕನ್ನಡಿ. ಬಂದದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ನಿಜವಾದ ಕನ್ನಡಿಯ ಬೆನ್ನಿಗೂ ಲೋಹದ ಲೇಪವಿರುವುದರಿಂದ ಅದೂ ಅದೇ ಜಾತಿ. ನೀರು ತರಂಗವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ದೊಡ್ಡ ಮೀನಿನ ತೊಟ್ಟಿಯ ಹಿಂದೆ ಇಡಬಾರದು. ಮರದ ಬಾಗಿಲು ಅಷ್ಟಾಗಿ ತಡೆಯದು, ಇಟ್ಟಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ, ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಎಲ್ಲಕ್ಕಿಂತ ಹೆಚ್ಚು. 2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6; ಎರಡನೆಯದು ಗೋಡೆಗಳಲ್ಲಿ ಬೇಗ ಸೊರಗುತ್ತದೆ. ವೇಗ ಇರುವುದೂ ಅದರಲ್ಲಿಯೇ ಎಂಬುದು ನಮ್ಮ ದುರದೃಷ್ಟ.

ಚಾವಣಿಯನ್ನು ತರಂಗವು ಯಾವ ಕೋನದಲ್ಲಿ ದಾಟುತ್ತದೆ ಎಂಬುದೂ ಮುಖ್ಯ. ನೇರವಾಗಿ ದಾಟಿದರೆ ಚಾವಣಿಯ ದಪ್ಪದಷ್ಟೇ ಕಾಂಕ್ರೀಟು ಎದುರಾಗುತ್ತದೆ. ತಮ್ಮ ಮನೆಯಲ್ಲಿರುವಂತೆ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹೋದರೆ ಅದೇ ಚಾವಣಿಯೊಳಗೆ ಅದರ ಎರಡರಷ್ಟೋ ಮೂರರಷ್ಟೋ ದೂರ ಸಾಗಬೇಕಾಗುತ್ತದೆ. ಮೆಟ್ಟಿಲಿನ ತೆರವು ಎಲ್ಲಿದೆ? ಅಲ್ಲಿ ಕಾಂಕ್ರೀಟೇ ಇಲ್ಲವಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ, ಎದೆಯೆತ್ತರದ ತೆರೆದ ಹಲಗೆಯ ಮೇಲೆ ಎರಡನೆಯ ಘಟಕವನ್ನಿಟ್ಟು ನೋಡಿ.

ಘಟಕವನ್ನು ಸಿಗ್ನಲ್ ಇಲ್ಲದ ಕಡೆ ಇಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ತನಗೇ ಕೇಳಿಸದವನು ಮುಂದಿನವನಿಗೆ ಏನನ್ನು ಹೇಳಿಯಾನು? ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕೊನೆಯ ಜಾಗದಲ್ಲಿ, ಎಂದರೆ -60ರ ಆಸುಪಾಸು ಓದುವ ಕಡೆ ಅದನ್ನು ನಿಲ್ಲಿಸಬೇಕು.

ಹಳೇರೂಟರ್

15 ಮೆಗಾಬಿಟ್ ಎಲ್ಲಿಂದ ಬಂತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಎರಡು ಬ್ಯಾಂಡಿನ ಸೆಟ್‌ನಲ್ಲಿ 5 ಗಿಗಾಹರ್ಟ್ಸ್‌ನ ರೇಡಿಯೊ ಒಂದೇ. ಮೊಬೈಲಿನೊಡನೆ ಮಾತಾಡುವುದೂ ಹಿಂದಿನ ಘಟಕದೊಡನೆ ಮಾತಾಡುವುದೂ ಅದೇ, ಅದೂ ಸಾಮಾನ್ಯವಾಗಿ ಒಂದೇ ಚಾನೆಲಿನಲ್ಲಿ, ಎಂದರೆ ಬ್ಯಾಂಡಿನೊಳಗಿನ ಒಂದೇ ಓಣಿಯಲ್ಲಿ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಆದ್ದರಿಂದ ಒಂದು ಸಾಧನದಿಂದ ಮುಂದಿನದಕ್ಕೆ ಹೋಗುವ ಒಂದೊಂದು ಜಿಗಿತಕ್ಕೆ ತಗಲುವ ಕಾಲ ಕೂಡುತ್ತಾ ಹೋಗುತ್ತದೆ.

ಉದಾಹರಣೆಗೆ, -74ರ ಕೊಂಡಿಯಲ್ಲಿ ನಿಜವಾಗಿ 80 ಮೆಗಾಬಿಟ್, -79ರದರಲ್ಲಿ 40, ಮೇಜಿನ ಮೇಲಿನ ಘಟಕದಿಂದ ಮೊಬೈಲಿಗೆ 400 ಎಂದಿಟ್ಟುಕೊಳ್ಳಿ. ಒಂದು ಮೆಗಾಬಿಟ್ ಮಾಹಿತಿ ಮೊದಲ ಜಿಗಿತಕ್ಕೆ 12.5 ಮಿಲಿಸೆಕೆಂಡ್, ಎರಡನೆಯದಕ್ಕೆ 25, ಮೂರನೆಯದಕ್ಕೆ 2.5 ತೆಗೆದುಕೊಳ್ಳುತ್ತದೆ, ಒಟ್ಟು 40. ಅಂದರೆ ಸೆಕೆಂಡಿಗೆ 25 ಮೆಗಾಬಿಟ್. ಗಾಳಿಯಲ್ಲಿ ಕಳೆದುಹೋಗಿ ಮತ್ತೆ ಕಳಿಸಬೇಕಾದದ್ದು, ನೆರೆಯವರ ವೈ-ಫೈಗೆ ದಾರಿ ಬಿಡಬೇಕಾದದ್ದು ಎಲ್ಲವನ್ನೂ ಕಳೆದರೆ 15 ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. 400 ಎಂಬ ಕೊನೆಯ ಸಂಖ್ಯೆಯನ್ನು 800 ಮಾಡಿದರೂ ಮೊತ್ತ ಕದಲುವುದು ಒಂದೂಕಾಲು ಮಿಲಿಸೆಕೆಂಡಷ್ಟೇ ಎಂಬುದನ್ನು ಗಮನಿಸಿ. ನಾಲ್ಕನೆಯ ಘಟಕವು ಈ ಕೂಡಿಕೆಗೆ ಇನ್ನೊಂದು ಸಾಲನ್ನು ಸೇರಿಸುತ್ತಿತ್ತು.

ಮೂರು ಬ್ಯಾಂಡಿನ ಸೆಟ್‌ಗಳಲ್ಲಿ ಕೊಂಡಿಗೆಂದೇ ಒಂದು ರೇಡಿಯೊವನ್ನು ಮೀಸಲಿಡುವುದುಂಟು, ಹಾಗಾಗಿ ಅಲ್ಲಿ ಈ ಪೆಟ್ಟು ಕಡಿಮೆ. ಆದರೆ -74ರ ಕೊಂಡಿ ಅಲ್ಲಿಯೂ -74ರ ಕೊಂಡಿಯೇ.

ಅಂದಹಾಗೆ, ಹಳೆಯ ರೂಟರನ್ನು ಈ ಜಾಲಕ್ಕೆ ಸೇರಿಸುವ ಆಸೆ ಯಾರಿಗಾದರೂ ಇದ್ದರೆ ಒಂದು ಮಾತು. ಮೆಶ್‌ಗೆ 802.11ಎಸ್ ಎಂಬ ಮಾನಕ 2011ರಲ್ಲಿಯೇ ಬಂತು, ವೈ-ಫೈ ತಯಾರಕರ ಒಕ್ಕೂಟವಾದ ವೈ-ಫೈ ಅಲೈಯನ್ಸ್‌ನ ಈಸಿಮೆಶ್ ಎಂಬ ಮಾನಕ 2018ರಲ್ಲಿ ಬಂತು. ಆದರೂ ಬಹುಪಾಲು ತಯಾರಕರು ತಮ್ಮದೇ ವಿಧಾನವನ್ನು ಹಿಡಿದು ಕುಳಿತಿದ್ದಾರೆ. ಎರಡು ಕಂಪನಿಗಳ ಪೆಟ್ಟಿಗೆಗಳು ಒಂದೇ ಮೆಶ್ ಆಗುತ್ತವೆಂದು ನಂಬಿ ಹಣ ಹಾಕಬಾರದು.

ತಂತಿಪ್ರಿಯ

ಇಷ್ಟೆಲ್ಲ ಓದಿದ ಮೇಲೆ ನನ್ನ ಹೆಸರಿಗೆ ತಕ್ಕ ಮಾತನ್ನು ಹೇಳದೆ ಇರಲಾರೆ: ತಂತಿ ಎಳೆಯಿರಿ. ಮುಖ್ಯ ಘಟಕದಿಂದ ಕೆಲಸದ ಕೋಣೆಯ ಘಟಕಕ್ಕೆ ಒಂದು ಈಥರ್ನೆಟ್ ಕೇಬಲ್ ಹೋದರೆ ಮೇಲಿನ ಲೆಕ್ಕದ ಮೊದಲ ಎರಡು ಸಾಲುಗಳು ಅಳಿಸಿಹೋಗುತ್ತವೆ. ಕ್ಯಾಟ್ 5ಇ ಎಂಬ ದರ್ಜೆಯ ಕೇಬಲು 100 ಮೀಟರಿನವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ಮನೆಗೆ ಅದು ಧಾರಾಳ. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಬಹುದು, ಅದಕ್ಕಿಂತ ಮೇಲಿನ ಅಂಕಿಗಳಿಗೆ ಮರುಳಾಗಬೇಕಿಲ್ಲ.

ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ಅಗ್ಗಕ್ಕೆ ಮಾರುತ್ತಾರೆ. ಅದು ಬಾಗಿಸಿದಲ್ಲಿ ಮುರಿಯುತ್ತದೆ. ಅಪ್ಪಟ ತಾಮ್ರದ್ದೆಂದು ಕವಚದ ಮೇಲೆ ಬರೆದಿರಬೇಕು. ಗೋಡೆಯೊಳಗೆ ಎಳೆಯಲು ಒಂಟಿ ಗಟ್ಟಿ ತಂತಿಯ ಕೇಬಲು, ಮೇಜಿನ ಬಳಿ ಜೋಡಿಸಲು ಎಳೆ ಎಳೆಯಾದ ಮೆದು ಕೇಬಲು. ಕೇಬಲಿನ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಾಗಿಸಬಾರದು, ವಿದ್ಯುತ್ ತಂತಿಗಳು ಹೋಗುವ ಕೊಳವೆಯಲ್ಲಿ ಇದನ್ನು ಸೇರಿಸಬಾರದು.

ಗೋಡೆ ಕೊರೆಯಲು ಆಗದವರಿಗೆ ಎರಡು ಅಡ್ಡದಾರಿಗಳಿವೆ. ಟಿವಿಗೆಂದು ಹಿಂದೆಯೇ ಹಾಕಿದ, ಈಗ ಖಾಲಿ ಬಿದ್ದಿರುವ ಕೋಆಕ್ಸಿಯಲ್ ಕೇಬಲು ಇದ್ದರೆ ಮೋಕಾ ಎಂಬ ಜೋಡಿ ಸಾಧನಗಳ ಮೂಲಕ ಅದರಲ್ಲಿಯೇ ಜಾಲವನ್ನು ಸಾಗಿಸಬಹುದು. ಅದು ತಂತಿಗೆ ಸಮೀಪದ ಗುಣಮಟ್ಟವನ್ನು ಕೊಡುತ್ತದೆ. ಮನೆಯ ವಿದ್ಯುತ್ ತಂತಿಯ ಮೂಲಕವೇ ಸಾಗಿಸುವ ಪವರ್‌ಲೈನ್ ಸಾಧನಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಂದು ಮನೆಯಲ್ಲಿ ಚೆನ್ನಾಗಿ ನಡೆದದ್ದು ಪಕ್ಕದ ಮನೆಯಲ್ಲಿ ಮುಗ್ಗರಿಸುತ್ತದೆ, ಎರಡು ತುದಿಗಳು ಬೇರೆ ಬೇರೆ ಫೇಸಿನಲ್ಲಿದ್ದರಂತೂ ಹೇಳುವುದೇ ಬೇಡ.

ಸರಳಜೀವಿ

ತಂತಿಪ್ರಿಯರ ಮಾತನ್ನು ಗೌರವದಿಂದಲೇ ಸ್ವಲ್ಪ ತಡೆಯುತ್ತೇನೆ. ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆಗೆ ಮೊಳೆ ಹೊಡೆಯಲೂ ಮನೆಯ ಮಾಲೀಕರನ್ನು ಕೇಳಬೇಕಾದವರಿಗೆ ತಂತಿ ಎಳೆಯಿರಿ ಎಂಬುದು ಉತ್ತರವೇ ಅಲ್ಲ. ಅದೂ ಅಲ್ಲದೆ, ಮಹಡಿಮನೆಯವರ ನಿಜವಾದ ದೂರು ವಿಡಿಯೊ ಕರೆ ನಿಲ್ಲುತ್ತದೆ ಎಂಬುದು. ಒಂದು ಎಚ್‌ಡಿ ವಿಡಿಯೊ ಕರೆಗೆ ಸುಮಾರು 4 ಮೆಗಾಬಿಟ್ ಸಾಕು. ಅವರಲ್ಲಿ 15 ಇತ್ತು. ಅಂದರೆ ಕೊರತೆ ಇದ್ದದ್ದು ವೇಗದಲ್ಲಿ ಅಲ್ಲ, ಪಿಂಗ್ 8ರಿಂದ 340ಕ್ಕೆ ಹಾರುವ ಅಸ್ಥಿರತೆಯಲ್ಲಿ. ಅದು ಘಟಕವನ್ನು ಸರಿಯಾದ ಜಾಗಕ್ಕೆ ಸರಿಸಿದರೆ ಹೋಗಬಹುದು, ಬಿಡಿಗಾಸು ಖರ್ಚಿಲ್ಲದೆ. ಮೊದಲು ಸರಿಸಲಿ, ಆಮೇಲೆ ಕೊರೆಯಲಿ.

ತಂತಿಪ್ರಿಯ

ಅಸ್ಥಿರತೆಯ ಮಾತು ನಿಜ, ಒಪ್ಪಿದೆ. ಆದರೂ ಸ್ವಂತ ಮನೆಯಿದ್ದು ಕೊಳವೆ ಖಾಲಿ ಇರುವವರು ಪೀಠೋಪಕರಣಗಳನ್ನು ಸರಿಸುತ್ತಾ ವಾರ ಕಳೆಯುವುದನ್ನು ಕಂಡರೆ ನನ್ನ ಕೈ ತುರಿಸುತ್ತದೆ.

ಮಹಡಿಮನೆ

ಸರಳಜೀವಿಯವರ ಕ್ರಮವನ್ನೇ ಹಿಡಿದೆ. ಎರಡನೆಯ ಘಟಕವನ್ನು ಬೀರುವಿನ ಹಿಂದಿನಿಂದ ತೆಗೆದು ಮೆಟ್ಟಿಲು ತಿರುಗುವಲ್ಲಿನ ಪುಸ್ತಕದ ಹಲಗೆಯ ಮೇಲಿಟ್ಟೆ. ಕೊಂಡಿ -74ರಿಂದ -58ಕ್ಕೆ ಬಂತು. 16 ಡಿಬಿ ಎಂದರೆ ಸುಮಾರು 40 ಪಟ್ಟು ಶಕ್ತಿಯೆಂದು ಲೆಕ್ಕ ಹಾಕಿ ನಾನೇ ದಂಗಾದೆ. ನಾನು ಮಾಡಿದ್ದು ಒಂದು ಪೆಟ್ಟಿಗೆಯನ್ನು ನಾಲ್ಕು ಮೀಟರ್ ಆಚೆ ಇಟ್ಟದ್ದು ಮಾತ್ರ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಕುತೂಹಲಕ್ಕೆಂದು ಮೇಜಿನ ಮೇಲಿನ ಮೂರನೆಯ ಘಟಕವನ್ನು ಆಫ್ ಮಾಡಿದೆ. ಮೊಬೈಲು ಮೆಟ್ಟಿಲಿನ ಘಟಕವನ್ನೇ ಹಿಡಿದುಕೊಂಡಿತು. ಗೆರೆಗಳು ಎರಡಕ್ಕೆ ಇಳಿದವು, ವೇಗ ಮಾತ್ರ 72ಕ್ಕೆ ಏರಿತು! ಮತ್ತೆ ಹಚ್ಚಿದರೆ ಗೆರೆಗಳು ತುಂಬುತ್ತವೆ, ವೇಗ 41ಕ್ಕೆ ಇಳಿಯುತ್ತದೆ. ಮೂರಕ್ಕಿಂತ ಎರಡು ಹೆಚ್ಚು ಎಂಬ ಗಣಿತವನ್ನು ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಕರೆಗಳು ಈಗ ನಿಲ್ಲುತ್ತಿಲ್ಲ. ಆದರೆ ಎರಡು ಹೊಸ ತಲೆನೋವುಗಳಿವೆ. ಹಜಾರದಲ್ಲಿ ಕರೆ ಆರಂಭಿಸಿ ಮಾತಾಡುತ್ತಾ ಮೇಲೆ ಹತ್ತಿದರೆ ಮೇಲಿನ ಮೆಟ್ಟಿಲ ಬಳಿ ಒಂದೆರಡು ಸೆಕೆಂಡು ದನಿ ಕಡಿಯುತ್ತದೆ. ಹಾಗೆಯೇ ಕೆಳಗಿನ ಪ್ರಿಂಟರ್ ಕೆಲವೊಮ್ಮೆ ಮೇಲಿನ ಲ್ಯಾಪ್‌ಟಾಪಿಗೆ ಕಾಣುವುದೇ ಇಲ್ಲ.

ಹಳೇರೂಟರ್

ಎರಡನೆಯದನ್ನು ಮೊದಲು ಮುಗಿಸೋಣ, ಏಕೆಂದರೆ ಅದಕ್ಕೆ ಖಚಿತವಾದ ಮದ್ದಿದೆ. ಸಂಪರ್ಕ ಕೊಟ್ಟವರು ಇಟ್ಟುಹೋದ ಫೈಬರ್ ಪೆಟ್ಟಿಗೆಯೂ ಒಂದು ರೂಟರೇ ಆಗಿರುತ್ತದೆ, ಅದರದೇ ವೈ-ಫೈ ಕೂಡ ಉರಿಯುತ್ತಿರುತ್ತದೆ. ತಮ್ಮ ಮೆಶ್‌ನ ಮುಖ್ಯ ಘಟಕ ಇನ್ನೊಂದು ರೂಟರ್. ಹಾಗಾಗಿ ಮನೆಯಲ್ಲಿ ಒಂದರೊಳಗೊಂದು ಎರಡು ಜಾಲಗಳಿವೆ. ಪ್ರಿಂಟರಿನ ಐಪಿ ವಿಳಾಸವನ್ನೂ (ಜಾಲದೊಳಗಿನ ಅದರ ಸಂಖ್ಯೆ) ಲ್ಯಾಪ್‌ಟಾಪಿನ ವಿಳಾಸವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ: ಒಂದು 192.168.1 ಎಂದೂ ಇನ್ನೊಂದು 192.168.50 ಎಂದೋ ಬೇರೇನೋ ಎಂದೋ ಆರಂಭವಾಗುತ್ತಿದ್ದರೆ ಪ್ರಿಂಟರು ಹಳೆಯ ಜಾಲದಲ್ಲಿಯೇ ಉಳಿದಿದೆ ಎಂದರ್ಥ. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿಸುವುದು ಒಂದು ದಾರಿ. ಅದಕ್ಕೆ ಸಂಪರ್ಕ ಕೊಟ್ಟವರ ನೆರವು ಬೇಕಾಗಬಹುದು. ಅವರು ಒಪ್ಪದಿದ್ದರೆ ಮೆಶ್ಶನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಆಗದೆ ವೈ-ಫೈಯನ್ನಷ್ಟೇ ಹರಡುವ ಸ್ಥಿತಿಗೆ) ಹಾಕಿ. ಯಾವುದನ್ನು ಆರಿಸಿದರೂ ಫೈಬರ್ ಪೆಟ್ಟಿಗೆಯ ವೈ-ಫೈಯನ್ನು ಆಫ್ ಮಾಡಲು ಮರೆಯಬೇಡಿ. ಒಂದಡಿ ಪಕ್ಕದಲ್ಲಿ ಕುಳಿತು ಅದು ಅದೇ ಗಾಳಿಯನ್ನು ಹಂಚಿಕೊಳ್ಳುತ್ತಿದೆ.

ಮೆಟ್ಟಿಲು ಹತ್ತುವಾಗ ದನಿ ಕಡಿಯುವ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಯಾವಾಗ ಒಂದು ಘಟಕವನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂದು ನಿರ್ಧರಿಸುವುದು ಮೆಶ್ ಅಲ್ಲ, ಮೊಬೈಲು. ಇದಕ್ಕೆ ನೆರವಾಗುವ ಮೂರು ಮಾನಕಗಳಿವೆ: 802.11ಕೆ ಹತ್ತಿರದ ಘಟಕಗಳ ಪಟ್ಟಿಯನ್ನು ಕೊಡುತ್ತದೆ, 802.11ವಿ ‘ಅತ್ತ ಹೋಗುವುದು ಒಳಿತು’ ಎಂದು ಸೂಚಿಸುತ್ತದೆ, 802.11ಆರ್ ಬದಲಾಗುವಾಗಿನ ಗುಟ್ಟಿನ ಕೈಕುಲುಕಾಟವನ್ನು (ಭದ್ರತೆಯ ಪರಿಶೀಲನೆಯನ್ನು) ಚಿಕ್ಕದು ಮಾಡುತ್ತದೆ. ಆಜ್ಞೆ ಕೊಡುವ ಅಧಿಕಾರ ಯಾವುದಕ್ಕೂ ಇಲ್ಲ. ಆಪಲ್ ತನ್ನ ಐಫೋನುಗಳು -70ಕ್ಕಿಂತ ಕೆಳಗಿಳಿದ ಮೇಲಷ್ಟೇ ಬೇರೆ ಘಟಕವನ್ನು ಹುಡುಕತೊಡಗುತ್ತವೆ ಎಂದೂ ಮ್ಯಾಕ್‌ಗಳಿಗೆ ಆ ಗಡಿ -75 ಎಂದೂ ತಾನೇ ಪ್ರಕಟಿಸಿದೆ. ಆದ್ದರಿಂದ ಹಜಾರದ ಘಟಕ ಎಷ್ಟು ಜೋರಾಗಿ ಕೂಗುತ್ತದೋ ಅಷ್ಟು ಹೊತ್ತು ಫೋನು ಅದಕ್ಕೇ ಜೋತುಬಿದ್ದಿರುತ್ತದೆ. ಪ್ರಸಾರದ ಶಕ್ತಿಯನ್ನು ತಗ್ಗಿಸುವ ಆಯ್ಕೆ ತಮ್ಮ ಆ್ಯಪ್‌ನಲ್ಲಿದ್ದರೆ ಒಂದು ಮೆಟ್ಟಿಲು ಇಳಿಸಿ. ಹೆಚ್ಚು ಶಕ್ತಿಯೇ ಒಳ್ಳೆಯದೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು: ಘಟಕವು ಧ್ವನಿವರ್ಧಕದಲ್ಲಿ ಕೂಗಿದರೂ ಮೊಬೈಲು ಉತ್ತರಿಸಬೇಕಾದದ್ದು ತನ್ನ ಸಣ್ಣ ಗಂಟಲಿನಲ್ಲಿಯೇ.

ದೀಪದಡಿ

ನಾನು ಮುಂಚೆ ಮಾಡಿದ ಒಂದು ಅನಾಹುತವನ್ನು ಇಲ್ಲಿ ಬರೆಯುತ್ತೇನೆ, ತಂತಿ ಎಳೆಯುವವರಿಗೆ ಉಪಯೋಗವಾದೀತು. ನಮ್ಮ ಮನೆಯಲ್ಲಿ ಎರಡು ಘಟಕಗಳನ್ನು ಒಂದು ನೆಟ್‌ವರ್ಕ್ ಸ್ವಿಚ್ಚಿಗೆ (ಹಲವು ಈಥರ್ನೆಟ್ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆಗೆ) ಜೋಡಿಸಿದ್ದೆ. ಒಂದು ಸಂಜೆ ಮೇಜು ಒರೆಸುವಾಗ ತೂಗಾಡುತ್ತಿದ್ದ ಒಂದು ಕೇಬಲಿನ ತುದಿಯನ್ನು ಕಂಡು, ‘ಬಿಟ್ಟುಹೋಗಿದೆ’ ಎಂದುಕೊಂಡು ಅದೇ ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಹತ್ತು ಸೆಕೆಂಡಿನೊಳಗೆ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗತೊಡಗಿದವು, ಮನೆಯ ಜಾಲವೆಲ್ಲ ಸತ್ತಿತು. ಒಂದೇ ಸಂದೇಶ ಆ ಸುತ್ತಿನೊಳಗೆ ಕೊನೆಯಿಲ್ಲದೆ ಗಿರಕಿ ಹೊಡೆಯುತ್ತಿತ್ತು. ಕಾರಣ ಹೊಳೆಯುವ ಮೊದಲು ಎರಡು ಬಾರಿ ಇಡೀ ಮೆಶ್ಶನ್ನು ಅಳಿಸಿ ಮತ್ತೆ ಹೊಂದಿಸಿದ್ದೆ. ಕೇಬಲಿನ ಎರಡೂ ತುದಿಗಳಿಗೆ ಹೆಸರು ಬರೆದ ಪಟ್ಟಿ ಅಂಟಿಸುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದ.

ಚಾನೆಲಿನ ವಿಷಯವನ್ನು ಯಾರೂ ಎತ್ತಿಲ್ಲ. 2.4ರಲ್ಲಿ ಒಂದನ್ನೊಂದು ತುಳಿಯದ ಚಾನೆಲುಗಳೆಂದರೆ 1, 6 ಮತ್ತು 11 ಮಾತ್ರ. ಅಗಲವನ್ನು 20 ಮೆಗಾಹರ್ಟ್ಸ್‌ನಲ್ಲಿಯೇ ಇಡಿ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಾದ್ದರಿಂದ ಅದರ ಪಕ್ಕದಲ್ಲಿ ಘಟಕವನ್ನು ಇಡಬಾರದು. 5ರಲ್ಲಿ 80 ಮೆಗಾಹರ್ಟ್ಸ್ ಅಗಲ ಸಾಕು. ಅಲ್ಲಿ 52ರಿಂದ 144ರವರೆಗಿನ ಚಾನೆಲುಗಳಲ್ಲಿ ಬಹಳಷ್ಟು ದೇಶಗಳ ನಿಯಮದಂತೆ ರೇಡಾರಿಗೆ ಮೊದಲ ಹಕ್ಕು. ಬಳಸುವ ಮುನ್ನ ರೂಟರು ಸಾಮಾನ್ಯವಾಗಿ 60 ಸೆಕೆಂಡು ಸುಮ್ಮನೆ ಕಿವಿಗೊಡಬೇಕು, ರೇಡಾರ್ ಕೇಳಿಸಿದರೆ ಕೂಡಲೇ ಜಾಗ ಖಾಲಿ ಮಾಡಬೇಕು. ವಿಮಾನ ನಿಲ್ದಾಣದ ಸಮೀಪದಲ್ಲಿರುವವರ ಮೆಶ್ ಕಾರಣವಿಲ್ಲದೆ ಒಂದು ನಿಮಿಷ ಮಾಯವಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಮಹಡಿಮನೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಳೇರೂಟರ್ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಪ್ರಿಂಟರು ಫೈಬರ್ ಪೆಟ್ಟಿಗೆಯ ವೈ-ಫೈಯಲ್ಲಿಯೇ ಕುಳಿತಿತ್ತು. ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಪೆಟ್ಟಿಗೆಯ ವೈ-ಫೈ ಆಫ್ ಮಾಡಿದ ಮೇಲೆ ಆ ದೂರು ನಿಂತಿದೆ.

ಕೊನೆಗೆ ತಂತಿಯನ್ನೂ ಎಳೆದೆ. ಸ್ಥಿರ ದೂರವಾಣಿ ಇದ್ದ ಕಾಲದಲ್ಲಿ ಹಜಾರದಿಂದ ಮೇಲಿನ ಹಿಂದಿನ ಕೋಣೆಗೆ ಹಾಕಿದ್ದ ಒಂದು ಕೊಳವೆ ನಮ್ಮ ಗೋಡೆಯೊಳಗಿದೆ ಎಂಬುದು ನೆನಪಾಯಿತು. ಅದರೊಳಗಿನ ಸತ್ತ ಟೆಲಿಫೋನ್ ತಂತಿಯ ತುದಿಗೆ ಹೊಸ ಕೇಬಲನ್ನು ಬಿಗಿದು, ಗಂಟಿನ ಮೇಲೆ ಟೇಪು ಸುತ್ತಿ, ಮೇಲಿನಿಂದ ಒಬ್ಬರು ಎಳೆಯುತ್ತಾ ಕೆಳಗಿನಿಂದ ಒಬ್ಬರು ತಳ್ಳುತ್ತಾ ಹೋದೆವು. ಮಧ್ಯದ ಬಾಗಿನಲ್ಲಿ ಗಂಟು ಸಿಕ್ಕಿಕೊಂಡು ಮುಕ್ಕಾಲು ಗಂಟೆ ಕದಲಲಿಲ್ಲ. ಗಂಟನ್ನು ಬಿಚ್ಚಿ, ತಂತಿಗಳನ್ನು ಒಂದರ ಹಿಂದೊಂದು ಬರುವಂತೆ ಏಣಿಯಾಗಿ ಜೋಡಿಸಿ ಮತ್ತೆ ಕಟ್ಟಿದಾಗ ಜಾರಿತು.

ಇಷ್ಟೆಲ್ಲ ಆಗಿ, ತುದಿಗಳಿಗೆ ಪ್ಲಗ್ಗು ಹಾಕಿ ಅಳೆದರೆ 94 ಮೆಗಾಬಿಟ್! ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಎಷ್ಟು ಸಲ ಅಳೆದರೂ 94, ಒಂದಂಕಿ ಮೇಲಿಲ್ಲ, ಕೆಳಗಿಲ್ಲ.

ತಂತಿಪ್ರಿಯ

ಆ 94 ಎಂಬ ಸಂಖ್ಯೆಯೇ ರೋಗದ ಹೆಸರನ್ನು ಹೇಳುತ್ತಿದೆ. ಕೊಂಡಿಯು ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ಒಪ್ಪಂದವಾಗಿದೆ. ಮಾಹಿತಿಯ ಪ್ರತಿ ತುಣುಕಿಗೂ ಅಂಟುವ ವಿಳಾಸ ಮುಂತಾದ ತಲೆಬರಹಗಳ ಹೊರೆ ಕಳೆದರೆ ಉಳಿಯುವುದು ಸುಮಾರು 94. ನೂರಕ್ಕೆ ಎರಡು ಜೊತೆ ತಂತಿಗಳು ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆಗಳು ಬೇಕು. ಯಾವುದೋ ಒಂದು ಎಳೆ ಪ್ಲಗ್ಗಿನ ತುದಿಯವರೆಗೆ ಮುಟ್ಟಿಲ್ಲ. ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು, 4, 5, 7, 8ನೆಯ ಜಾಗಗಳಲ್ಲಿರುವ ನೀಲಿ ಮತ್ತು ಕಂದು ಜೊತೆಗಳನ್ನು ಮೊದಲು ನೋಡಿ.

ಮಹಡಿಮನೆ

ಮೇಲಿನ ತುದಿಯಲ್ಲಿ ಕಂದು ಎಳೆ, ಎಂಟನೆಯ ಜಾಗದ್ದು, ಅಕ್ಕಿಕಾಳಿನ ಅರ್ಧದಷ್ಟು ಹಿಂದೆ ನಿಂತಿತ್ತು. ಆ ಪ್ಲಗ್ಗನ್ನು ಕತ್ತರಿಸಿ ಹೊಸದನ್ನು ಹಾಕಿದೆ. ಈಗ ಕೆಲಸದ ಕೋಣೆಯಲ್ಲಿ 188, ಮುಖ್ಯ ಘಟಕಕ್ಕೆ ಪಿಂಗ್ 2ರಿಂದ 4 ಮಿಲಿಸೆಕೆಂಡು. ಮೆಟ್ಟಿಲಿನ ಘಟಕವನ್ನು ಆಫ್ ಮಾಡಿದರೂ ಮೇಲಂತಸ್ತಿನಲ್ಲಿ ಎಲ್ಲಿಯೂ -65ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪ್ರಸಾರದ ಶಕ್ತಿಯನ್ನು ಒಂದು ಹಂತ ಇಳಿಸಿದ ಮೇಲೆ ಮೆಟ್ಟಿಲಿನ ಬಳಿ ದನಿ ಕಡಿಯುವುದು ಪೂರ್ತಿ ಹೋಗಿಲ್ಲ, ಒಂದು ಅಕ್ಷರ ನುಂಗುವಷ್ಟಕ್ಕೆ ಇಳಿದಿದೆ.

ಉಳಿದದ್ದು ಗೇಟಿನ ಬಳಿಯ ಕ್ಯಾಮೆರಾ. ಅದಕ್ಕೆ 2.4 ಮಾತ್ರ ಗೊತ್ತು, ಮುಖ್ಯ ಘಟಕದಿಂದ -76 ಓದುತ್ತದೆ. ಹೊಸ ಜಾಲಕ್ಕೆ ಸೇರಿಸಲು ಹೋದರೆ ಸೇರುವುದೂ ಇಲ್ಲ. ಮಿಕ್ಕ ಘಟಕವನ್ನು ಅದಕ್ಕೆಂದು ಬಳಸಬಹುದೇ?

ದೀಪದಡಿ

ಸೇರದಿರುವುದಕ್ಕೆ ಭದ್ರತೆಯ ಆಯ್ಕೆ ಕಾರಣವಿರಬಹುದು. ವೈ-ಫೈಯನ್ನು ಕಾಯುವ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ (ಹಿಂದಿನದು ಡಬ್ಲ್ಯುಪಿಎ2) ಬಂದದ್ದು 2018ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಗಳಿಗೆ ಅದರ ಭಾಷೆ ತಿಳಿಯದು. ಮುಖ್ಯ ಜಾಲವನ್ನು ಹಾಗೆಯೇ ಬಿಟ್ಟು, ಅತಿಥಿಗಳಿಗೆಂದು ಕೊಡುವ ಪ್ರತ್ಯೇಕ ಜಾಲವನ್ನು 2.4ರಲ್ಲಿ ಡಬ್ಲ್ಯುಪಿಎ2 ಇಟ್ಟು ತೆರೆಯಿರಿ, ಕ್ಯಾಮೆರಾವನ್ನು ಅದಕ್ಕೆ ಸೇರಿಸಿ. ಅಂಥ ಸಾಧನಗಳು ಮನೆಯ ಲ್ಯಾಪ್‌ಟಾಪುಗಳಿಂದ ದೂರವಿರುವುದು ಹೇಗಿದ್ದರೂ ಒಳ್ಳೆಯದೇ.

ಅಳತೆಗೋಲು

ಮಿಕ್ಕ ಘಟಕವನ್ನು ಗೇಟಿನ ಕಡೆಯ ಕಿಟಕಿಯ ಪಕ್ಕದಲ್ಲಿ ಇಡುವ ಮೊದಲು ಮುಖ್ಯ ಘಟಕವನ್ನೇ ಹಜಾರದ ಮೂಲೆಯಿಂದ ಆ ಕಿಟಕಿಯತ್ತ, ಕೇಬಲು ಎಟುಕುವಷ್ಟು ದೂರ ಸರಿಸಿ ಕ್ಯಾಮೆರಾದ ಓದನ್ನು ನೋಡಿ. ಮೇಲಂತಸ್ತಿಗೆ ಈಗ ತಂತಿ ಇರುವುದರಿಂದ ಮುಖ್ಯ ಘಟಕ ಎಲ್ಲಿ ನಿಂತರೂ ಅಲ್ಲಿಗೆ ನಷ್ಟವಿಲ್ಲ.

ಮಹಡಿಮನೆ

ಎರಡು ಮೀಟರ್ ಸರಿಸಿದೆ: -67. ಕ್ಯಾಮೆರಾ ಅತಿಥಿ ಜಾಲಕ್ಕೆ ಸೇರಿತು, ಗೇಟು ಸ್ಪಷ್ಟವಾಗಿ ಕಾಣುತ್ತಿದೆ. ಮೆಟ್ಟಿಲಿನ ಘಟಕವನ್ನು ಅದರ ಪೆಟ್ಟಿಗೆಗೆ ಹಾಕಿ ಬೀರುವಿನೊಳಗೆ ಇಟ್ಟಿದ್ದೇನೆ, ಈ ಬಾರಿ ತಿಳಿದೇ.